ನಮ್ಮ ರೇಸ್ ಕಾರಿನ ತೂಕ

ನಮ್ಮ ಮನೆಯ ಮುಂಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಅದರ ಬುಡಕ್ಕೆ ಒಂದು ಬೀಡುಕಬ್ಬಿಣದ ಹಲಗೆಯನ್ನು ಒತ್ತಿಟ್ಟಿದ್ದೇನೆ. ಏಳು ಕೆ.ಜಿ. ತೂಗುತ್ತದೆ. ಬಂದವರು ಅದನ್ನು ಎಡವಿ, ಅದರ ಮೈಮೇಲಿನ ಮೀನಿನ ಹುರುಪೆಯಂಥ ಗೀರುಗಳನ್ನು ನೋಡಿ ಇದೇನೆಂದು ಕೇಳಿದರೆ, ಹಳೆಯ ಯಂತ್ರದ ತುಂಡು ಎಂದು ಹೇಳಿ ಕಾಫಿಗೆ ಕೂರಿಸುತ್ತೇನೆ. ನಿಮಗೆ ಮಾತ್ರ ನಿಜ ಹೇಳಿಬಿಡುತ್ತೇನೆ: ಅದು ರೇಸ್ ಕಾರಿನದು.

ಎಂಬತ್ತರ ದಶಕದ ಮೊದಲ ವರ್ಷಗಳು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಲೇತುಗಳ ಅಡಿಪೀಠವನ್ನು ಕೈಯಿಂದ ಹೆರೆದು ಮಟ್ಟ ಮಾಡುವುದು ನನ್ನ ಕೆಲಸ. ಗೆಳೆಯ ಮಂಜುವಿನ ಮನೆಯವರು ಪೀಣ್ಯದ ಮೂಲ ರೈತರು. ಅವರ ಹೊಲದಂಚಿನ ಶೆಡ್ಡಿನಲ್ಲಿ ನಾನು, ಮಂಜು, ವೆಲ್ಡರ್ ಷರೀಫ್ ಸೇರಿ, ಗುಜರಿಗೆ ಬಿದ್ದಿದ್ದ ಹಳೆಯ ಕಾರೊಂದರ ಎಂಜಿನ್ ತಂದು ರೇಸ್ ಕಾರು ಕಟ್ಟತೊಡಗಿದೆವು. ಓಡಿಸುವವನು ಮಂಜು. ಅವನಪ್ಪ ಮೊದಲೇ ಹೇಳಿಬಿಟ್ಟಿದ್ದರು: "ಒಂದ್ ಸಲ ಓಡ್ಸು. ಗೆದ್ರೆ ಆಮೇಲ್ ನೋಡಾಣ. ಇಲ್ದಿದ್ರೆ ಶೆಡ್ ಬಾಡಿಗೆಗೆ ಬಿಡ್ತೀನಿ, ನೀನು ತೆಪ್ಪಗೆ ಮನೆ ಯವಾರ ನೋಡ್ಕೊ."

ಲೇತು ಕಟ್ಟುವವರಿಗೆ ಭಾರವೇ ದೇವರು. ಪೀಠ ಭಾರವಾದಷ್ಟೂ ಯಂತ್ರ ನಡುಗದು. ಆ ಪಾಠವನ್ನೇ ನಾನು ಕಾರಿಗೂ ಕಲಿಸಿದೆ. ಅಷ್ಟಕ್ಕೂ ನಮ್ಮಲ್ಲಿ ತೂಕದ ಮಾತು, ತೂಕದ ಮನುಷ್ಯ ಎಂದರೆ ಮೆಚ್ಚುಗೆ. ಹಗುರವಾಗಿ ಮಾತಾಡಿದವನಿಗೆ ಬೈಗುಳ. ಹಾಗೆ ಬೆಳೆದವನು ಎಂಜಿನ್ನಿನಡಿಗೆ ತಗಡು ಕೊಡುವುದುಂಟೆ? ಈ ಬೀಡಿನ ಹಲಗೆ ಎರಕ ಹಾಕಿಸಿ, ಮೂರು ವಾರ ಹುರುಪೆ ಹುರುಪೆಯಾಗಿ ಹೆರೆದು ಕನ್ನಡಿಯಂತೆ ಮಟ್ಟ ಮಾಡಿದೆ. ಎಂಜಿನ್ ಕೂತ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದು ಆಗ ತಲೆಗೇ ಹೋಗಲಿಲ್ಲ.

ಕಾರು ಸಿದ್ಧವಾದಾಗ ಮಾದನಾಯಕನಹಳ್ಳಿಯ ಗೋದಾಮಿಗೆ ಒಯ್ದು, ಮೂಟೆ ತೂಗುವ ತಕ್ಕಡಿಯ ಮೇಲೆ ಒಂದೊಂದೇ ಚಕ್ರ ಏರಿಸಿ ನಾಲ್ಕನ್ನೂ ಕೂಡಿಸಿದೆವು. "ಇದೇನ್ ಸಾಮಿ, ತುಂಬಿದ್ ಗಾಡಿಗಿಂತ ಭಾರ ಐತೆ!" ಎಂದು ಹಮಾಲಿ ನಕ್ಕ. ಬಾಗಿಲಿಲ್ಲ, ಹಿಂದಿನ ಸೀಟಿಲ್ಲ, ಆದರೂ ಎಂಜಿನ್ ಕೊಟ್ಟ ಹಳೆಯ ಕಾರಿಗಿಂತ ನಮ್ಮದೇ ಭಾರವಾಗಿತ್ತು!

ಮುಂದಿನ ತಿಂಗಳೆಲ್ಲ ತೂಕ ಇಳಿಸಲು ಕೊರೆದದ್ದೇ ಕೊರೆದದ್ದು. ಪೆಡಲಿಗೆ ತೂತು, ಪಟ್ಟಿಗಳಿಗೆ ತೂತು; ಕಾರು ಜರಡಿಯಾಯಿತು. ಕೊನೆಗೆ ಷರೀಫ್ ಅರ್ಧ ದಿನದಲ್ಲಿ ತೆಳು ಉಕ್ಕಿನ ಪೀಠವೊಂದನ್ನು ಬೆಸೆದು ತಂದು, "ಆ ಬೀಡು ತೆಗೀರಿ, ಇದು ಸಾಕು" ಎಂದ. "ಬಿರುಕು ಬಿಡುತ್ತೆ. ಎಂಜಿನ್ ಕಳಚಿ ಬಿದ್ರೆ ಮಂಜು ಸಾಯ್ತಾನೆ," ಎಂದೆ. ಅದು ಸುಳ್ಳು. ಷರೀಫನ ಪೀಠ ಗಟ್ಟಿಯಾಗಿಯೇ ಇತ್ತು. ದೊಡ್ಡ ಕಾರ್ಖಾನೆಯವನ ಮಾತೆಂದು ಇಬ್ಬರೂ ಒಪ್ಪಿಕೊಂಡರು.

ಲಾರಿಯಲ್ಲಿ ಕಾರು ಹೇರಿಕೊಂಡು, ಅತ್ತಿಬೆಲೆಯ ಗಡಿ ದಾಟಿ, ಪಾಳುಬಿದ್ದ ರನ್‌ವೇ ಒಂದರಲ್ಲಿ ನಡೆಯುತ್ತಿದ್ದ ಪಂದ್ಯಕ್ಕೆ ಹೋದೆವು. ಮಂಜು ಅದ್ಭುತವಾಗಿ ಓಡಿಸಿದ. ಪ್ರತಿ ತಿರುವಿನಲ್ಲೂ ಮುಂದಿನವನನ್ನು ಹಿಡಿಯುತ್ತಿದ್ದ, ನೇರ ದಾರಿ ಬಂದೊಡನೆ ಹಿಂದುಳಿಯುತ್ತಿದ್ದ. ಅರ್ಧ ಕಾರಿನಷ್ಟು ಅಂತರದಲ್ಲಿ ಎರಡನೆಯವನಾದ. ಏಳು ಕೆ.ಜಿ.ಯಿಂದಲೇ ಸೋತೆವೆಂದು ಯಾರೂ ಹೇಳಲಾರರು. ಅಲ್ಲವೆಂದು ನಾನಂತೂ ಹೇಳಲಾರೆ. ಶೆಡ್ಡು ಬಾಡಿಗೆಗೆ ಹೋಯಿತು. ಕಾರು ಬಿಚ್ಚಿದ ದಿನ ಹಲಗೆಯನ್ನು ನಾನು ಮನೆಗೆ ತಂದೆ. ಮಂಜು ಮತ್ತೆಂದೂ ಪಂದ್ಯಕ್ಕೆ ಇಳಿಯಲಿಲ್ಲ.

ಮೊನ್ನೆ ಅವನು ಮನೆಗೆ ಬಂದಿದ್ದ. ಇಬ್ಬರಿಗೂ ತಲೆ ನರೆತಿದೆ, ಇನ್ನೆಷ್ಟು ದಿನ ಎಂದುಕೊಂಡು ಎಲ್ಲವನ್ನೂ ಹೇಳಿಬಿಟ್ಟೆ. ಅವನು ಬಗ್ಗಿ ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿ ಸ್ವಲ್ಪ ಹೊತ್ತು ಹಿಡಿದುಕೊಂಡ.

"ಬಿಚ್ಚಿದ್ ದಿನಾನೇ ಷರೀಫ್ ಹೇಳಿದ್ದ ಕಣೋ," ಎಂದ. "ನೀನ್ ಯಾವಾಗ್ ಹೇಳ್ತೀಯ ಅಂತ ಕಾಯ್ತಿದ್ದೆ."

ಅದನ್ನು ಬಾಗಿಲ ಬುಡದಲ್ಲೇ ಜೋಪಾನವಾಗಿ ಇಟ್ಟು, ಕಾಫಿ ಕೇಳಿದ. ಅವನು ಹೋದ ಮೇಲೆ ನಾನು ಹಲಗೆಯನ್ನು ಮಗುಚಿ, ಮೂರು ವಾರ ಹೆರೆದ ಆ ಮುಖ ನೆಲಕ್ಕೆ ಬರುವಂತೆ ಇಟ್ಟೆ. ಸಂಜೆ ಜೋರು ಗಾಳಿ ಬೀಸಿತು. ಬಾಗಿಲು ಅಲುಗಲಿಲ್ಲ.