ಡೆನಿಯರ್ ಬಲ್ಲ ಖಾಲಾ

ಖಾಲಾ ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ರಾಮನಗರದ ನಮ್ಮ ಬೀದಿಯ ನೂಲು ತೆಗೆಯುವ ಫಿಲೇಚರ್‌ನಲ್ಲಿ ನಲವತ್ತು ವರ್ಷ ಕುದಿನೀರಿಗೆ ಕೈ ಹಾಕಿ, ರೇಷ್ಮೆಗೂಡಿನಿಂದ ಎಳೆ ಹುಡುಕಿ ಹುಡುಕಿ ಅವು ಬೆಳ್ಳಗೆ, ನುಣ್ಣಗೆ ಸವೆದುಹೋಗಿದ್ದವು. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. "ಬೆರಳಿಲ್ಲದವ್ಳಿಗೆ ಅಕ್ಕಿ ಎಲ್ಲಿಂದ ಕೊಡ್ಲಿ?" ಎಂದು ಅಂಗಡಿಯವನು ಒಮ್ಮೆ ನಾಲ್ಕು ಜನರ ಮುಂದೆ ನಕ್ಕ. ಮರುದಿನದಿಂದ ಖಾಲಾ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ, ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿಕೊಂಡು ನಿಲ್ಲತೊಡಗಿದರು. ಹಿಂದೆ ಸಾಲು ಬೀದಿಯವರೆಗೂ ಬೆಳೆಯುತ್ತಿತ್ತು. ಒಂಬತ್ತನೆಯ ದಿನ ಆತ ಮೇಲಿನವರನ್ನು ಕೇಳಿ, ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಕೊಟ್ಟ. ಖಾಲಾ ಅಕ್ಕಿ ತಂದರು, ಅವನೊಂದಿಗೆ ಮಾತು ಬಿಟ್ಟರು. ಅವನ ಮಗಳ ಮದುವೆಗೆ ಕರೆದರೂ ಹೋಗಲಿಲ್ಲ.

"ಮರ್ತೋಗಕ್ಕೆ ನಾನೇನು ಕೂಸಾ?" ಎನ್ನುತ್ತಿದ್ದರು.

ಅವರು ನಮ್ಮ ಪಕ್ಕದ ಮನೆಯವರು. ಅವರ ಅಕ್ಕನ ಮಕ್ಕಳು ಕರೆಯುವುದನ್ನು ಕೇಳಿ ನಾನೂ ಚಿಕ್ಕಂದಿನಿಂದ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಅವರನ್ನು ನಾನು ಹಚ್ಚಿಕೊಂಡದ್ದು ಒಳ್ಳೆಯತನಕ್ಕಲ್ಲ, ಆ ಹಗೆಗೆ. ನನ್ನೊಳಗೂ ಅದೇ ಇತ್ತು, ಹೇಳಿಕೊಳ್ಳಲು ನಾಚುತ್ತಿದ್ದೆ ಅಷ್ಟೆ.

ನನಗೆ ಬೆಟ್ಟದ ಹುಚ್ಚು. ಸಾವನದುರ್ಗವನ್ನು ಎಷ್ಟು ಸಲ ಹತ್ತಿದ್ದೇನೋ ಲೆಕ್ಕವಿಲ್ಲ. ಹಿಮಾಲಯಕ್ಕೆ ಹೋಗಬೇಕೆಂದು ಬೆಂಗಳೂರಿನ ಒಂದು ಚಾರಣ ತಂಡ ಸೇರಿದೆ. ಅದರ ನಾಯಕ ಸಾಮಾನೂ ಮಾರುತ್ತಿದ್ದ. ಸುತ್ತಿಟ್ಟರೆ ನೀರಿನ ಬಾಟಲಿಯಷ್ಟಾಗುವ, ಗಾಳಿ ತುಂಬುವ ಹಾಸಿಗೆಯೊಂದನ್ನು ನನಗೆ ಕೊಟ್ಟು, "ನಲವತ್ತು ಡೆನಿಯರ್ ಬಟ್ಟೆ, ದಪ್ಪ ಎಳೆ. ಕಲ್ಲಿನ ಮೇಲೆ ಹಾಗೇ ಹಾಸಿ, ಕೆಳಗೆ ಏನೂ ಬೇಕಿಲ್ಲ" ಎಂದ. ನಂಬಿದೆ. ಹಿಮಾಲಯದ ಮೊದಲ ರಾತ್ರಿಯೇ ಅದು ಸಣ್ಣಗೆ ಗಾಳಿ ಬಿಡತೊಡಗಿತು. ಮೂರು ರಾತ್ರಿ ಹಿಮದ ನೆಲದ ಮೇಲೆ ಮಲಗಿ, ನಾಲ್ಕನೆಯ ಬೆಳಿಗ್ಗೆ ಸೊಂಟ ಹಿಡಿದು ಹೆಜ್ಜೆ ಎತ್ತಲಾಗಲಿಲ್ಲ. ಅವನು ಎಲ್ಲರೆದುರು ನಕ್ಕು ನನ್ನನ್ನು ಕೆಳಗೆ ಕಳಿಸಿದ. ವರದಿಯಲ್ಲಿ, "ದೇಹಶಕ್ತಿ ಸಾಲದು, ಎತ್ತರದ ಚಾರಣಕ್ಕೆ ಯೋಗ್ಯಳಲ್ಲ" ಎಂದು ಬರೆದ. ಆ ಒಂದು ಸಾಲು ನೋಡಿ ಬೇರೆ ತಂಡಗಳೂ ನನ್ನನ್ನು ಬೇಡವೆಂದವು.

ಖಾಲಾ ಆ ಸತ್ತ ಹಾಸಿಗೆಯನ್ನು ತೊಡೆಯ ಮೇಲೆ ಹರವಿಕೊಂಡು ಎರಡು ಬೆರಳ ನಡುವೆ ಬಟ್ಟೆ ತಿಕ್ಕಿದರು. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ತಿಕ್ಕಿದರು.

"ನಲವತ್ತು ಅಂತ ಯಾರೇಳಿದ್ದು? ಇದು ಇಪ್ಪತ್ತು."

"ಅದರ ಮೇಲೆ ಚೀಟಿ ಅಂಟಿಸಿದೆಯಲ್ಲ ಖಾಲಾ."

"ಚೀಟಿಗೇನು, ಯಾರು ಬೇಕಾದ್ರೂ ಅಂಟುಸ್ತಾರೆ. ನಾನು ಹುಟ್ಟಿದಾಗಿಂದ ಇಪ್ಪತ್ತರ ಎಳೇನೇ ತೆಗ್ದಿರೋದು ಕಣವ್ವ. ಇಪ್ಪತ್ತೇನು ಕೆಟ್ಟದ್ದಲ್ಲ, ತೂಕ ಕಮ್ಮಿ. ಕೆಳಗೆ ಒಂದು ದಪ್ಪ ಹಾಳೆ ಹಾಸಿದ್ರೆ ಉಳೀತಿತ್ತು. ಅವ್ನು ಸುಳ್ಳೇಳಿ ನಿನ್ನ ಸೊಂಟ ಮುರ್ದವ್ನೆ." ಆಮೇಲೆ ಮೆಲ್ಲಗೆ ಕೇಳಿದರು, "ಇಲ್ಲಿಗೆ ಯಾವಾಗ ಬತ್ತಾನೆ?"

ಆ ಪ್ರಶ್ನೆ ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಎರಡು ತಿಂಗಳ ಬಳಿಕ ಅವನು ಹೊಸಬರನ್ನು ಸೇರಿಸಿಕೊಳ್ಳಲು ರಾಮನಗರಕ್ಕೆ ಬಂದು, ಒಂದು ಸಭಾಂಗಣದಲ್ಲಿ ಹಾಸಿಗೆಗಳನ್ನು ಸಾಲಾಗಿ ಹರಡಿದ. ಖಾಲಾ ಒಳ್ಳೆಯ ಬುರ್ಖಾ ಹಾಕಿಕೊಂಡು ನನ್ನೊಂದಿಗೆ ಬಂದರು. ಒಂದೊಂದನ್ನೂ ಮುಟ್ಟಿ, "ಇದೆಷ್ಟು?" ಎಂದು ಕೇಳಿದರು. ಎಲ್ಲವೂ ನಲವತ್ತು ಎಂದ.

"ಡೆನಿಯರ್ ಅಂದ್ರೆ ಏನಪ್ಪಾ? ಒಸಿ ಹೇಳು."

"ಅದೆಲ್ಲ ಟೆಕ್ನಿಕಲ್ ಅಜ್ಜಿ, ನಿಮಗೆ ಅರ್ಥವಾಗಲ್ಲ."

ಸಭಾಂಗಣದಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ರೇಷ್ಮೆ ಎಳೆ ತೆಗೆಯುವ ರೀಲರ್‌ಗಳ ಮನೆಯ ಮಕ್ಕಳು. ಹಿಂದಿನ ಸಾಲಿನಿಂದ ಯಾರೋ ಕಿಸಕ್ಕೆಂದರು. ಖಾಲಾ ನಗಲಿಲ್ಲ. "ಒಂಬತ್ತು ಸಾವಿರ ಮೀಟ್ರು ಎಳೆ ಎಷ್ಟು ಗ್ರಾಮ್ ತೂಗ್ತದೋ ಅಷ್ಟು. ಇದು ಇಪ್ಪತ್ತು. ಚೀಟಿ ಕೀಳವ್ವ" ಎಂದರು ನನಗೆ. ಕಿತ್ತೆ. ಅಡಿಯಲ್ಲಿ ತಯಾರಿಸಿದವರೇ ಅಚ್ಚು ಹಾಕಿದ್ದ ಇಪ್ಪತ್ತು. ಇನ್ನೊಂದು ಕಿತ್ತೆ, ಇಪ್ಪತ್ತು. ಮೂರನೆಯದನ್ನು ಮುಂದಿನ ಸಾಲಿನ ಹುಡುಗಿಯೊಬ್ಬಳು ತಾನೇ ಎದ್ದು ಕಿತ್ತಳು. ಎಲ್ಲರ ಮೊಬೈಲೂ ಮೇಲೆದ್ದಿತ್ತು. ಅವನ ಮುಖ ಸುಣ್ಣವಾಯಿತು. ಅದನ್ನು ನಾನು ಕಣ್ತುಂಬ ನೋಡಿದೆ. ಈಗಲೂ ನೆನೆಸಿಕೊಂಡರೆ ಹೊಟ್ಟೆ ತಣ್ಣಗಾಗುತ್ತದೆ.

ವಾರದೊಳಗೆ ಅವನ ಫೋನ್ ಬಂತು. ಚೀಟಿಯ ವಿಷಯದಲ್ಲಿ ಏನೋ ತಪ್ಪು ತಿಳಿವಳಿಕೆ ಆಗಿತ್ತು ಎಂದು ನಾನು ಬರೆದುಕೊಟ್ಟರೆ ವರದಿಯ ಆ ಸಾಲು ತೆಗೆಯುತ್ತೇನೆ ಎಂದ. ನನಗೆ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಖಾಲಾ ನನ್ನ ಮುಖವನ್ನೇ ನೋಡಿದರು.

"ಬರ್ಕೊಟ್ರೆ ಬೆಟ್ಟ ಸಿಕ್ತದೆ. ನಿಂಗೆ ಅಂಗೆ ಸಿಕ್ಕಿರೋ ಬೆಟ್ಟ ಬೇಕಾ?"

ಬರೆದುಕೊಡಲಿಲ್ಲ. ಆ ಸಾಲು ಹಾಗೇ ಉಳಿಯಿತು, ಒಂದು ವರ್ಷ ಯಾವ ತಂಡವೂ ಸಿಗದೆ ಕಳೆಯಿತು. ಕೊನೆಗೆ ಕನಕಪುರದ ಒಬ್ಬ ಮೇಡಂ ನಡೆಸುವ ಸಣ್ಣ ತಂಡದವರು ಕಾಗದ ಕೇಳದೆ, ಸಾವನದುರ್ಗ ಹತ್ತಿಸಿ ನೋಡಿ ನನ್ನನ್ನು ಸೇರಿಸಿಕೊಂಡರು. ಹೊಸ ಹಾಸಿಗೆ ಕೊಳ್ಳಲು ಖಾಲಾ ಬೆಂಗಳೂರಿಗೇ ಬಂದರು. ಆಗಲೇ ಅವರಿಗೆ ದಮ್ಮು ಜಾಸ್ತಿಯಾಗಿ ಅಂಗಡಿಯ ಮೆಟ್ಟಿಲಲ್ಲಿ ಎರಡು ಕಡೆ ಕೂತರು. ಒಳಗೆ ನನ್ನನ್ನು ಮಗ್ಗುಲಾಗಿ ಮಲಗಿಸಿ, ಸೊಂಟದಡಿ ಕೈ ತೂರಿಸಿ, "ನೆಲಕ್ಕೆ ತಾಗ್ತೈತೆ, ಬ್ಯಾಡ" ಎಂದು ಮೂರನ್ನು ತಳ್ಳಿಹಾಕಿದರು. ಹೊಲಿಗೆ ಎಳೆದು, ಗಾಳಿಮುಚ್ಚಳಕ್ಕೆ ಕೆನ್ನೆ ಇಟ್ಟು ನಾಲ್ಕನೆಯದನ್ನು ಒಪ್ಪಿದರು. ಮೂವತ್ತು ಡೆನಿಯರ್, ಅರ್ಧ ಕೆಜಿ. ಅಡಿಗೆ ಹಾಸುವ ಹಾಳೆಯನ್ನೂ ಮರೆಯದೆ ಕೊಡಿಸಿದರು.

ಈ ಸಲ ಹಿಮಾಲಯದಲ್ಲಿ ಶಿಖರ ಮುಟ್ಟಿದೆ. ಇಳಿದು ನೆಟ್‌ವರ್ಕ್ ಸಿಗುವ ಊರಿಗೆ ಬಂದಾಗ ಮೊಬೈಲ್ ಒಂದೇ ಸಮನೆ ಗುಯ್‌ಗುಟ್ಟಿತು. ಮೊದಲು ತೆರೆದದ್ದು ಅಮ್ಮನ ಮೆಸೇಜು. ಖಾಲಾ ಹೋಗಿ ಮೂರು ದಿನವಾಗಿತ್ತು, ಮಣ್ಣೂ ಆಗಿತ್ತು. ಅದರ ಕೆಳಗೆ, ಹೋಗುವ ಹಿಂದಿನ ದಿನ ಖಾಲಾ ಕಳಿಸಿದ್ದ ಧ್ವನಿ ಮೆಸೇಜು. ಮಾತಿಗಿಂತ ಏದುಸಿರೇ ಹೆಚ್ಚು.

"ಹತ್ತಿದ್ಯಾ ಕಣವ್ವ? ಫೋಟೋ ತಗಂಡ್ಯಾ? ನಂಗೆ ಆಮೇಲೆ ತೋರ್ಸು. ಮೊದ್ಲು ಆ ಚೀಟಿ ಅಂಟ್ಸಿದವ್ನಿಗೆ ಕಳ್ಸು."

ರಸ್ತೆ ಬದಿಯಲ್ಲಿ ಕುಸಿದು ಕೂತು ಅತ್ತೆ. ಅಳುತ್ತಲೇ ಅವನ ನಂಬರ್ ಹುಡುಕಿ, ಶಿಖರದ ಮೇಲೆ ನಿಂತ ನನ್ನ ಫೋಟೋ ಕಳಿಸಿದೆ. ಆಮೇಲೆ ಅಮ್ಮನಿಗೆ ಫೋನ್ ಮಾಡಿದೆ.