ಮೊದಲೇ ನಕ್ಕವಳು

ಕಳೆದ ಗುರುವಾರ ಮಧ್ಯಾಹ್ನ ನನ್ನದೇ ನಗುವನ್ನು ಒಂದು ಕಂಪ್ಯೂಟರ್ ನುಂಗಿಹಾಕಿತು. ಈಗಿತ್ತು, ಈಗಿಲ್ಲ. (ನಗಬೇಡಿ. ನಿಮ್ಮದನ್ನೂ ನುಂಗೀತು.)

ವಿಷಯಕ್ಕೆ ಬರುತ್ತೇನೆ. ನಮ್ಮ ಚೆನ್ನೈ ಮೈಲಾಪೂರಿನ ಶೇಷಣ್ಣನ ಹೆಸರು ನಿಮಗೆ ಗೊತ್ತಿಲ್ಲದಿದ್ದರೂ ಅವರ ಕೆಲಸ ಗೊತ್ತಿರುತ್ತದೆ. ಒಂದೇ ಫ್ಲಾಟಿನಲ್ಲಿ ಮೂರು ಸಂಸಾರ ಕಿತ್ತಾಡುವ ಆ ಹಳೇ ಕನ್ನಡ ಕಾಮಿಡಿ ಸೀರಿಯಲ್ ಇತ್ತಲ್ಲ, ಅದನ್ನು ಬರೆದವರು, ನಿರ್ದೇಶಿಸಿದವರು, ಪ್ರೊಡ್ಯೂಸ್ ಮಾಡಿದವರು ಎಲ್ಲ ಅವರೇ. ಡಬ್ಬಿಂಗ್ ಥಿಯೇಟರಿನಲ್ಲಿ ಕೇಬಲ್ ಸುತ್ತುತ್ತ ಶುರು ಮಾಡಿದ ಮನುಷ್ಯ.

ಆಗ ಉಳಿದವರೆಲ್ಲ ರೆಡಿಮೇಡ್ ನಗುವಿನ ಟೇಪು ತಂದು ಅಂಟಿಸುತ್ತಿದ್ದರು. ಶೇಷಣ್ಣ ಒಪ್ಪಲಿಲ್ಲ. "ಇನ್ಯಾರದೋ ನಗು ನನಗ್ಯಾಕೆ?" ಕೀಲ್ಪಾಕಿನ ಒಂದು ಶೆಡ್ಡಿನಲ್ಲಿ ಸೆಟ್ ಹಾಕಿದರು. ರಜಾದಿನ ಬಂತೆಂದರೆ ರೈಲ್ವೆಯವರು, ಬ್ಯಾಂಕಿನವರು, ಇನ್ಶೂರೆನ್ಸಿನ ನಾವು, ಎಲ್ಲರೂ ಎದುರಿಗೆ ಕೂರಬೇಕು. ತಲೆಯ ಮೇಲೆ ಒಂದು ಮೈಕು. ನಾವು ನಕ್ಕಲ್ಲಿ ನಟರು ನಿಲ್ಲಬೇಕು, ನಗು ಇಳಿದ ಮೇಲೆ ಮುಂದಿನ ಮಾತು. ನಮಗೆ ಸಂಭಾವನೆ? ಬಿಸಿ ಬೋಂಡಾ, ಕಾಫಿ.

ಈಗ ಒಂದು ಓಟಿಟಿ ಕಂಪನಿ ಆ ಸೀರಿಯಲ್ ಕೇಳಿದೆ. ಒಂದೇ ಷರತ್ತು: ನಗು ತೆಗೆಯಬೇಕು. ಇವತ್ತಿನ ವೀಕ್ಷಕರಿಗೆ ಹಿನ್ನೆಲೆಯಲ್ಲಿ ಯಾರಾದರೂ ನಕ್ಕರೆ ಕಿರಿಕಿರಿಯಂತೆ.

ಶೇಷಣ್ಣ ಹೂಂ ಅಂದುಬಿಟ್ಟಿದ್ದರು. ಅನ್ನದೆ ಏನು ಮಾಡಿಯಾರು? ವಯಸ್ಸು ಎಪ್ಪತ್ತು ದಾಟಿದೆ. ಹೊಸದು ಕೊಡುವವರಿಲ್ಲ. ಹಳೇ ಟೇಪುಗಳಿಗೆ ಚೆನ್ನೈನ ಸೆಕೆಯಲ್ಲಿ ಬೂಷ್ಟು ಹಿಡಿದು, ಉಳಿದಿರುವುದು ಒಂದು ಹಾರ್ಡ್ ಡಿಸ್ಕು. ಅದೂ ಜನರ ಮುಂದೆ ಹೋಗದಿದ್ದರೆ ಅವರ ಇಡೀ ಜೀವಮಾನದ ಕೆಲಸ ಬೀರುವಿನಲ್ಲೇ ಮುಗಿದುಹೋಗುತ್ತದೆ. "ಒಬ್ಬನೇ ಹೋಗೋಕೆ ಒಂಥರಾ ಆಗತ್ತೆ ವತ್ಸಲಾ, ನೀನೂ ಬಾರಮ್ಮ" ಎಂದರು. ಹೋದೆ.

ನುಂಗಂಬಾಕ್ಕಂನಲ್ಲಿ ಕಿಟಕಿಯೇ ಇಲ್ಲದ ಒಂದು ಎಡಿಟಿಂಗ್ ರೂಮು. ಎಡಿಟರ್ ನಿವೇದಿತಾ ನಮ್ಮ ಕನ್ನಡದವರ ಮಗಳೇ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ಅಂಕಲ್, ಫಸ್ಟ್ ಲಾಫ್ಟರ್ ಮಟ್ಟುಂ ಕೇಳುಂಗ" ಎಂದಳು. ಅಂದರೆ, ಮೊದಲು ಬರೀ ನಗು ಕೇಳಿ ಅಂತ. ಅವಳ ಕಂಪ್ಯೂಟರ್ ಆಗಲೇ ಮಾತು ಬೇರೆ, ನಗು ಬೇರೆ ಮಾಡಿಟ್ಟಿತ್ತು.

ಪರದೆಯ ಮೇಲೆ ನಟರು ಸದ್ದಿಲ್ಲದೆ ಬಾಯಿ ಆಡಿಸುತ್ತಿದ್ದರು. ಕತ್ತಲೆಯಿಂದ ನಗು ಬಂತು. ಬ್ಯಾಂಕ್ ರಾಯರ ಗೊರಗೊರ. ಅವರ ಹೆಂಡತಿಯ ಕಿಸಕ್. ನಮ್ಮೆಜಮಾನರ ಆ ಕೆಮ್ಮು ಬೆರೆತ ನಗೆ. ಅವರಲ್ಲಿ ಒಬ್ಬರೂ ಈಗ ಇಲ್ಲ. ಸತ್ತವರು ಗುಂಪಾಗಿ ನಗುವುದನ್ನು ನೀವು ಕೇಳಿದ್ದೀರಾ? ನಾನು ಕೇಳಿದೆ. ಅವರ ನಡುವೆ ನನ್ನದೂ ಇತ್ತು.

ಆಮೇಲೆ ನಿವೇದಿತಾ ನಗುವನ್ನು ಅಳಿಸಿ, ಮಾತನ್ನಷ್ಟೇ ಹಾಕಿದಳು. ಇದು ಇನ್ನೂ ಕೆಟ್ಟದಾಗಿತ್ತು.

ನಟ ಜೋಕು ಹೇಳುತ್ತಾನೆ. ನಿಲ್ಲುತ್ತಾನೆ. ಮುಗುಳ್ನಗುತ್ತ ನೇರ ನಮ್ಮ ಕಡೆ ನೋಡುತ್ತಾನೆ. ಕಾಯುತ್ತಾನೆ. ಯಾರೂ ನಗುವುದಿಲ್ಲ. ಆದರೂ ಕಾಯುತ್ತಾನೆ. ಯಾರಿಗಾಗಿ ಎಂದು ನನಗೆ ಗೊತ್ತಿತ್ತಲ್ಲ, ಅದಕ್ಕೇ ಹೆದರಿಕೆ.

"ಇಂದ ಗ್ಯಾಪ್ ಎಲ್ಲಾಂ ಟ್ರಿಮ್ ಪಣ್ಣಿಡಲಾಮ್" ಎಂದಳು ಹುಡುಗಿ. ಕತ್ತರಿಸಿಬಿಡೋಣ ಅಂತ. ಶೇಷಣ್ಣ ಅದಕ್ಕೂ ತಲೆಯಾಡಿಸಿದರು.

ಅಷ್ಟರಲ್ಲಿ ಅದು ಕೇಳಿಸಿತು. ಮಾತಿನ ಕೆಳಗೆ, ಒಬ್ಬ ಹೆಂಗಸಿನ ನಗು. ಮಾತು ಮುಗಿದ ಕೂಡಲೇ ಟಕ್ಕನೆ ನಿಂತಿತು. ಮುಂದಿನ ಜೋಕಿನಲ್ಲೂ ಹಾಗೆಯೇ. ಏಳುತ್ತದೆ, ಅರ್ಧಕ್ಕೆ ಕಡಿದುಹೋಗುತ್ತದೆ. ಯಾರೋ ಬಾಯಿ ಮುಚ್ಚಿದ ಹಾಗೆ.

ಶೇಷಣ್ಣ ಕುರ್ಚಿಯ ತುದಿಗೆ ಬಂದಿದ್ದರು.

"ಪದ್ಮಾ" ಎಂದರು.

ಪದ್ಮಕ್ಕ, ಅವರ ಹೆಂಡತಿ. ಹೋಗಿ ವರ್ಷಗಳಾದವು. ಶೇಷಣ್ಣ ಪ್ರತಿಯೊಂದು ಜೋಕನ್ನೂ ಮೊದಲು ಅಡುಗೆಮನೆಯಲ್ಲಿ ಆಕೆಗೆ ಹೇಳುತ್ತಿದ್ದರು. ಆಕೆ ನಗದಿದ್ದರೆ ಆ ಜೋಕು ಕಸದ ಬುಟ್ಟಿಗೆ. ಹಾಗಾಗಿ ಶೂಟಿಂಗಿನಲ್ಲಿ ಪದ್ಮಕ್ಕನಿಗೆ ಮುಂದೇನೆಂದು ಗೊತ್ತಿರುತ್ತಿತ್ತು. ತಡೆಯಲಾಗದೆ ಎಲ್ಲರಿಗಿಂತ ಮೊದಲೇ ನಕ್ಕುಬಿಡುತ್ತಿದ್ದರು. ನಮ್ಮ ನಗು ಬಂದದ್ದು ಮಾತು ಮುಗಿದ ಮೇಲೆ, ಅದನ್ನು ಯಂತ್ರ ಸಲೀಸಾಗಿ ಎತ್ತಿಬಿಟ್ಟಿತು. ಪದ್ಮಕ್ಕನದು ಮಾತಿಗೇ ಅಂಟಿಕೊಂಡಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ.

"ಇನ್ನೊಂದ್ಸಲ ಹಾಕಮ್ಮ."

ಹಾಕಿದಳು. ಮತ್ತೆ ಹಾಕಿದಳು. ಪ್ರತಿ ಸಲವೂ ಪದ್ಮಕ್ಕ ಬಂದರು, ಪ್ರತಿ ಸಲವೂ ಅರ್ಧಕ್ಕೆ ಹೋದರು. ನನಗೆ ಎದ್ದು ಓಡಿಹೋಗಬೇಕೆನಿಸಿತು.

ನಿವೇದಿತಾ ಮೆಲ್ಲಗೆ ಹೇಳಿದಳು: "ಅಂಕಲ್, ಇಂದ ಲೈನ್ಸ್ ಮಟ್ಟುಂ ರೀ-ಡಬ್ ಪಣ್ಣಿಡಲಾಮ್. ಇಲ್ಲೇನ್ನಾ ಎಡುತ್ತುಕ್ಕ ಮಾಟ್ಟಾಂಗ." ಆ ಮಾತುಗಳನ್ನು ಬೇರೆ ದನಿಯಲ್ಲಿ ಮತ್ತೆ ಹೇಳಿಸಬೇಕು, ಇಲ್ಲದಿದ್ದರೆ ಕಂಪನಿಯವರು ತೆಗೆದುಕೊಳ್ಳುವುದಿಲ್ಲ.

ಡಬ್ಬಿಂಗಿನಲ್ಲೇ ಬೆಳೆದ ಮನುಷ್ಯನಿಗೆ ಇದೇನು ದೊಡ್ಡ ಕೆಲಸ? ಎರಡು ದಿನ ಸಾಕು. ನಾನು ಅವರ ಮುಖ ನೋಡಿದೆ. ಹೂಂ ಅನ್ನಿ ಶೇಷಣ್ಣ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅನ್ನಬೇಡಿ ಎಂದೂ ಬೇಡಿಕೊಂಡೆ.

"ಹೀಗೇ ಹೋಗೋದಾದ್ರೆ ಹೋಗಲಿ. ಇಲ್ಲಾಂದ್ರೆ ಬೇಡ" ಎಂದರು.

ನಿವೇದಿತಾ ಹೊರಗೆ ಹೋಗಿ ಬಾಸಿಗೆ ಫೋನ್ ಮಾಡಿದಳು. ಒಳಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು. "ಸಾರಿ ಅಂಕಲ್" ಎಂದು ಹಾರ್ಡ್ ಡಿಸ್ಕನ್ನು ಕೈಗೆ ಕೊಟ್ಟಳು. ಒಂದು ಜೀವಮಾನದ ಕೆಲಸ, ಜುಬ್ಬಾದ ಜೇಬಿನಲ್ಲಿ ಹಿಡಿಯಿತು.

ಆಟೋ ಹಿಡಿದೆವು. ಮೈಲಾಪೂರಿನ ಕೊಳದ ಹತ್ತಿರ ಬಂದಾಗ ಶೇಷಣ್ಣ ಬಾಯಿಬಿಟ್ಟರು.

"ಪ್ರತಿ ಎಪಿಸೋಡಿಗೂ ಬೈತಿದ್ದೆ ವತ್ಸಲಾ, ಮಾತು ಮುಗಿಯೋ ತನಕ ತಡ್ಕೊಳೇ ಅಂತ. ಸದ್ಯ, ನನ್ನ ಮಾತು ಕೇಳಲಿಲ್ಲ."