ಒಳಪೆಡಲ್ ಸ್ಟಾಕ್ ಇಲ್ಲ

ಒಳಪೆಡಲ್ ಎಂಬುದು ಸೈಕಲ್ಲಿನ ಒಂದು ಬಿಡಿಭಾಗ ಎಂದು ನಮ್ಮ ಗುಮಾಸ್ತ ಹದಿನೇಳು ದಿನ ನಂಬಿದ್ದ. ಹಳ್ಳಿಯ ಬಡ ಮಕ್ಕಳಿಗೆ ಸೈಕಲ್ ದಾನ ಮಾಡುವ ಸಂಸ್ಥೆಯಲ್ಲೇ ಅವನಿಗೆ ಕೆಲಸ ಎಂಬುದನ್ನು ಹೇಳದೆ ಬಿಟ್ಟರೆ ಅವನಿಗೆ ಸಂತೋಷ, ಆದರೆ ಹೇಳಲೇಬೇಕು. ಈ ಸಲ ಸೈಕಲ್ ಸಿಗಬೇಕಿದ್ದ ಶಾಲೆಯ ಹೆಡ್‌ಮಾಸ್ಟರು ಪತ್ರ ಬರೆದಿದ್ದರು: "ನಮ್ಮ ಮಕ್ಕಳಿಗೆ ಒಳಪೆಡಲೇ ಗತಿ. ದಯವಿಟ್ಟು ಗಮನಿಸಿ." ಗುಮಾಸ್ತ ಗಮನಿಸಿದ. ಮಕ್ಕಳು ಮೂವತ್ತೊಂದು, ಹಾಗಾಗಿ ಒಳಪೆಡಲ್ ಮೂವತ್ತೊಂದು ಜೊತೆ ಎಂದು ಪಟ್ಟಿ ಮಾಡಿ, ಅಧ್ಯಕ್ಷರ ಸಹಿ ಹಾಕಿಸಿಕೊಂಡು ಪೇಟೆಗೆ ಹೊರಟ. ತಮಾಷೆಯೆಂದರೆ, ಅಂಥ ಸಾಮಾನೇ ಇಲ್ಲ ಎಂದು ಒಬ್ಬ ಅಂಗಡಿಯವನೂ ಹೇಳಲಿಲ್ಲ. ಒಬ್ಬ "ಸ್ಟಾಕ್ ಇಲ್ಲ, ಸೋಮವಾರ ಬನ್ನಿ" ಎಂದ. ಇನ್ನೊಬ್ಬ "ಈಗ ಕಂಪನಿಯೋರೇ ಕಳಿಸ್ತಿಲ್ಲ ಸಾರ್" ಎಂದು ನಿಟ್ಟುಸಿರು ಬಿಟ್ಟ. ಮೂರನೆಯವನು "ಎಡಗಾಲಿಂದೋ, ಬಲಗಾಲಿಂದೋ?" ಎಂದು ಕೇಳಿದ, ಗುಮಾಸ್ತ ತಡವರಿಸಿದಾಗ, ಇಷ್ಟೂ ಗೊತ್ತಿಲ್ಲದೆ ಬಂದಿದ್ದೀಯಲ್ಲಪ್ಪ ಎನ್ನುವಂತೆ ನೋಡಿದ.

ಕೊನೆಗೆ ದೊಡ್ಡಮ್ಮನ ಸೈಕಲ್ ಶಾಪೇ ಗತಿಯಾಯಿತು. ಅಮ್ಮನ ಅಕ್ಕ. ಸಂಸ್ಥೆಯ ಕೆಲಸವನ್ನು ಸ್ವಂತ ದೊಡ್ಡಮ್ಮನಿಗೆ ಕೊಟ್ಟರೆ ನಾಲ್ಕು ಜನ ಏನೆಂದಾರು ಎಂದು ಅಲ್ಲಿಯವರೆಗೆ ಆ ಬೀದಿಗೇ ಹೋಗಿರಲಿಲ್ಲ. ದೊಡ್ಡಮ್ಮ ಪಂಕ್ಚರಾದ ಟ್ಯೂಬನ್ನು ಬಾಣಲೆಯ ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದಳು.

"ಒಳಪೆಡಲ್ ಇದೆಯಾ ದೊಡ್ಡಮ್ಮ?"

"ಎಷ್ಟು ಬೇಕೋ?"

"ಮೂವತ್ತೊಂದು ಜೊತೆ."

ದೊಡ್ಡಮ್ಮ ನಕ್ಕ ನಗುವಿಗೆ ಟ್ಯೂಬು ಕೈಜಾರಿ ನೀರೆಲ್ಲ ಗುಮಾಸ್ತನ ಪ್ಯಾಂಟಿನ ಮೇಲಾಯಿತು. "ಅಯ್ಯೋ ನಿನ್ನ! ಅದು ಸಾಮಾನಲ್ಲ ಕಣೋ, ಅವಸ್ಥೆ! ಸೀಟಿನ ಮೇಲೆ ಕೂತ್ರೆ ಪೆಡಲ್ ಎಟುಕಲ್ಲ ಅಂತ ಮಕ್ಕಳು ಬಾರಿನ ಕೆಳಗಿಂದ ಕಾಲು ತೂರಿಸಿ, ಸೊಂಟ ತಿರುಚಿಕೊಂಡು ತುಳೀತಾರಲ್ಲ, ಅದು ಒಳಪೆಡಲ್. ಇದಕ್ಕೆ ನಿಮ್ಮ ಅಧ್ಯಕ್ಷರು ಸಹಿ ಬೇರೆ ಹಾಕಿದಾರಾ?"

"ಎರಡು ಕಡೆ" ಎಂದ ಗುಮಾಸ್ತ.

ನಗುವ ಸ್ಥಿತಿಯಲ್ಲಿ ಅವನಿರಲಿಲ್ಲ. ಮೂರು ವರ್ಷದಿಂದ ಅವನದು ಹಂಗಾಮಿ ಕೆಲಸ. ಮುಂದಿನ ತಿಂಗಳ ಮೊದಲ ಶನಿವಾರದ ಸೈಕಲ್ ವಿತರಣೆ ಸುಸೂತ್ರವಾಗಿ ನಡೆದರೆ ಖಾಯಂ, ಇಲ್ಲವಾದರೆ ಭಾನುವಾರದಿಂದ ಮನೆ ಎಂದು ಅಧ್ಯಕ್ಷರು ಹೇಳಿಯಾಗಿತ್ತು. ನಾಲ್ಕು ಜನರ ಮಾತು ಗಾಳಿಗೆ ಹೋಗಲಿ ಎಂದು ಸೈಕಲ್ ಸಜ್ಜು ಮಾಡುವ ಕೆಲಸವನ್ನು ಅಲ್ಲೇ ದೊಡ್ಡಮ್ಮನಿಗೆ ಒಪ್ಪಿಸಿಬಿಟ್ಟ.

ದೊಡ್ಡಮ್ಮ ಈ ಕಸುಬನ್ನು ಯಾರಿಂದಲೂ ಕಲಿತವಳಲ್ಲ. ಅಂಗಡಿ ದೊಡ್ಡಪ್ಪನದು; ಆದರೆ ಅವನಿಗೆ ಮಾತಿನ ಚಟ. ಅವನು ಗಿರಾಕಿಯ ಜೊತೆ ಲೋಕದ ಕಷ್ಟಸುಖ ಆಡಿ ಮುಗಿಸುವಷ್ಟರಲ್ಲಿ ಇವಳು ಹಿಂದೆ ಕೂತು ಚೈನು ಹಾಕಿ, ರಿಮ್ಮಿನ ಡೊಂಕು ತೆಗೆದು, ಕೈ ಒರೆಸಿಕೊಂಡು ಒಳಗೆ ಹೋಗಿರುತ್ತಿದ್ದಳು. ಅವನು ತೀರಿಕೊಂಡ ಮೇಲೆ ಬಂದ ಗಿರಾಕಿಗಳು ಬಾಗಿಲಲ್ಲಿ ಇಣುಕಿ "ಅಂಗಡೀಲಿ ಯಾರೂ ಇಲ್ವಾ?" ಎನ್ನುತ್ತಿದ್ದರು. "ನಾನಿದೀನಲ್ಲ, ನಾನೇನು ಪಂಪಾ?" ಎನ್ನುತ್ತಿದ್ದಳು. ಜನರ ಮುಖ ಅವಳಿಗೆ ನೆನಪಿರುವುದಿಲ್ಲ, ಕಾಲು ಮರೆಯುವುದಿಲ್ಲ. ಗುಮಾಸ್ತನಿಗೆ ನೋಡಿದ ಹುಡುಗಿಯ ಬಗ್ಗೆ ಮನೆಯವರೆಲ್ಲ ಬಣ್ಣ, ಗುಣ, ಓದು ಎಂದು ಚರ್ಚಿಸುತ್ತಿದ್ದರೆ ಇವಳು, "ಇಪ್ಪತ್ತೆರಡು ಇಂಚಿನ ಫ್ರೇಮು ಸರಿಹೋಗುತ್ತೆ, ಒಪ್ಕೊಳ್ಳಿ" ಎಂದಿದ್ದಳು.

ಸಂಸ್ಥೆಗೆ ದಾನಿಗಳು ಕೊಟ್ಟ ಮೂವತ್ತೊಂದೂ ಸೈಕಲ್ಲುಗಳು ಇಪ್ಪತ್ತನಾಲ್ಕು ಇಂಚಿನ ಫ್ರೇಮಿನವು, ದೊಡ್ಡವರ ಬಾರ್ ಸೈಕಲ್ಲುಗಳು. ಬಾರಿನ ಉದ್ದಕ್ಕೂ ಹಳದಿ ಬಣ್ಣದಲ್ಲಿ 'ಶ್ರೀ'ಯಿಂದ ಶುರುವಾಗುವ ದಾನಿಗಳ ಹೆಸರು. ದೊಡ್ಡಮ್ಮ ಅವನ್ನು ನೋಡಿದವಳೇ "ಮಕ್ಕಳ ಅಳತೆ ತರಿಸು" ಎಂದಳು. ಗುಮಾಸ್ತ ಹೆಡ್‌ಮಾಸ್ಟರಿಗೆ 'ಅಳತೆ ಕಳಿಸಿ' ಎಂದು ಬರೆದ. ಹೋದ ವರ್ಷದ ಸಮವಸ್ತ್ರದ ಅಭ್ಯಾಸಬಲದಿಂದ ಅವರು ಮೂವತ್ತೊಂದು ಮಕ್ಕಳ ಎದೆಯಳತೆ ಕಳಿಸಿದರು.

"ಎದೆಯಿಂದ ತುಳೀತಾರೇನೋ ಪೆಡಲ್ಲು?" ಎಂದು ದೊಡ್ಡಮ್ಮ ತಾನೇ ಒಂದು ಕೋಲು ಹಿಡಿದು ಬಸ್ಸು ಹತ್ತಿದಳು. ಸಂಜೆ ವಾಪಸು ಬಂದು ವರದಿ ಒಪ್ಪಿಸಿದಳು.

"ಮೂವತ್ತೊಂದರಲ್ಲಿ ಕಾಲು ಎಟುಕೋದು ಒಬ್ಬಳಿಗೇ. ಅವಳಿಗೂ ಅದೇ ಕ್ಲಾಸಲ್ಲಿ ಇದು ಮೂರನೇ ವರ್ಷ. ಎರಡು ಗಂಟೆ ನಡೀತಾವೆ ಕಣೋ ಆ ಮಕ್ಕಳು. ಗಣಿತ ಮೊದಲನೇ ಪೀರಿಯಡ್ಡು, ಇವು ಸೇರೋದು ಮೂರನೇ ಪೀರಿಯಡ್ಡಿಗೆ. ಗಣಿತ ಅಂತ ಒಂದಿದೆ ಅಂತ ಅವಕ್ಕೆ ಪರೀಕ್ಷೆ ದಿವಸಾನೇ ಗೊತ್ತಾಗೋದಂತೆ! ಬಾರ್ ಕತ್ತರಿಸಿ ಕೆಳಗಿಳಿಸಬೇಕು, ಸೀಟಿನ ಕೊಳವೇನೂ ಮೋಟು ಮಾಡಬೇಕು. ಗಂಡು ಸೈಕಲ್ಲನ್ನ ಹೆಣ್ಣು ಸೈಕಲ್ ಮಾಡಬೇಕು."

ಗುಮಾಸ್ತ ಇದನ್ನು ಅಧ್ಯಕ್ಷರಿಗೆ ಅರಿಕೆ ಮಾಡಿದ. ಅಧ್ಯಕ್ಷರು ಕುರ್ಚಿಯಿಂದ ಅರ್ಧ ಎದ್ದರು. "ಬಾರ್ ಕತ್ತರಿಸೋದಾ? ಅದರ ಮೇಲೆ ಹೆಸರಿದೆಯಲ್ಲಯ್ಯಾ! ಎಣ್ಣೆ ಹಾಕಿ, ಗಾಳಿ ತುಂಬಿ, ಸಾಕು. ಮಕ್ಕಳು ಹೇಗೂ ಬೆಳೀತಾರೆ."

ಗುಮಾಸ್ತ ಈ ಆಜ್ಞೆಯನ್ನು ಒಂದಕ್ಷರ ಬಿಡದೆ ದೊಡ್ಡಮ್ಮನಿಗೆ ಮುಟ್ಟಿಸಿದ. ಅವಳು "ಸರಿ" ಎಂದಳು. ಅವಳ ಬಾಯಲ್ಲಿ 'ಸರಿ' ಎಂದರೆ ಕಿವಿಗೆ ಬಿತ್ತು ಎಂದಷ್ಟೇ ಅರ್ಥ. ಇಪ್ಪತ್ತಾರು ವರ್ಷ ಅವಳನ್ನು ಬಲ್ಲ ಗುಮಾಸ್ತ ಅದನ್ನು ಒಪ್ಪಿಗೆ ಎಂದುಕೊಂಡು ನೆಮ್ಮದಿಯಾಗಿ ಮನೆಗೆ ಹೋಗಿ ಮಲಗಿದ.

ಶನಿವಾರ ಶಾಲೆಯ ಅಂಗಳಕ್ಕೆ ಲಾರಿ ಬಂತು. ದಾನಿಗಳೆಲ್ಲ ಇಸ್ತ್ರಿಯ ಬಟ್ಟೆಯಲ್ಲಿ ಸಾಲಾಗಿ ನಿಂತಿದ್ದರು. ಸೈಕಲ್ಲುಗಳ ಮೇಲಿನ ಗೋಣಿಚೀಲ ಸರಿಸಿದಾಗ ಗುಮಾಸ್ತ ಒಂದೊಂದನ್ನೇ ಎಣಿಸಿ ನೋಡಿದ. ಒಂದನ್ನು ಬಿಟ್ಟು ಮೂವತ್ತು ಸೈಕಲ್ಲುಗಳ ಬಾರೂ ಮೇಲಿನ ಜಾಗದಲ್ಲಿರಲಿಲ್ಲ. ದೊಡ್ಡಮ್ಮ ಅವನ್ನು ಕತ್ತರಿಸಿ, ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಓರೆಯಾಗಿ ಕೆಳಗೆ, ಪೆಡಲ್ಲಿನ ಹತ್ತಿರಕ್ಕೆ ಕೂರಿಸಿ, ಸೀಟಿನ ಕೊಳವೆಯನ್ನೂ ಮೋಟು ಮಾಡಿದ್ದಳು. ಹೆಸರೇನೋ ಇದ್ದವು, ಕೆಲವು ತಲೆಕೆಳಗಾಗಿದ್ದವು. ಬೆಂಕಿ ತಗುಲಿ ತುದಿಯ ಬಣ್ಣ ಸುಟ್ಟಿತ್ತು. ಮೂವತ್ತು 'ಶ್ರೀ'ಗಳೂ ಬೂದಿಯಾಗಿದ್ದವು.

ಯಾರೂ ಏನೂ ಹೇಳುವ ಮೊದಲೇ ಮಕ್ಕಳು ಹತ್ತಿಯಾಗಿತ್ತು. ಸೊಂಟ ತಿರುಚದೆ, ಸೀಟಿನ ಮೇಲೆ ನೆಟ್ಟಗೆ ಕೂತು ಒಂದೊಂದು ಸುತ್ತು ಹಾಕಿ ದಾನಿಗಳೆದುರು ಬ್ರೇಕ್ ಹಿಡಿದು ನಿಂತವು. ದಾನಿಗಳು ಒಬ್ಬೊಬ್ಬರಾಗಿ ತಮ್ಮ ಹೆಸರು ಹುಡುಕತೊಡಗಿದರು. ಅದು ಇದ್ದದ್ದು ಮಕ್ಕಳ ಪಾದದ ಮಗ್ಗುಲಲ್ಲಿ. ಬಗ್ಗಿದರು. ತಲೆಕೆಳಗಾದ ಹೆಸರಿನವರು ಕತ್ತು ಹೊರಳಿಸಿ ಇನ್ನೂ ಬಗ್ಗಿದರು. ದೂರದಲ್ಲಿ ನಿಂತ ಊರಿನವರಿಗೆ ಕಂಡದ್ದು, ದೊಡ್ಡ ಮನುಷ್ಯರೆಲ್ಲ ಬಡ ಮಕ್ಕಳ ಕಾಲಿಗೆ ನಮಸ್ಕಾರ ಮಾಡುತ್ತಿದ್ದಾರೆ ಎಂದು. ಅಂಗಳ ಚಪ್ಪಾಳೆಯಿಂದ ತುಂಬಿತು. ಫೋಟೋದವನು ಒಬ್ಬರನ್ನೂ ಬಿಡಲಿಲ್ಲ. ಚಪ್ಪಾಳೆ ಕೇಳಿದ ದಾನಿಗಳೂ ಇದೇ ತಮ್ಮ ಉದ್ದೇಶವಾಗಿತ್ತು ಎಂಬಂತೆ ಕೈಮುಗಿದು ಎದ್ದರು. ಒಬ್ಬರಂತೂ ಫೋಟೋ ಸರಿಯಾಗಿ ಬಂತೋ ಇಲ್ಲವೋ ಎಂದು ಇನ್ನೊಮ್ಮೆ ಬಗ್ಗಿದರು.

ಅಧ್ಯಕ್ಷರಿಗೆ ಬೈಯಲೂ ಆಗದು, ಬಿಡಲೂ ಆಗದು. ಲಾರಿಯ ಹಿಂದೆ ಸ್ಪ್ಯಾನರ್ ಒರೆಸುತ್ತಿದ್ದ ದೊಡ್ಡಮ್ಮನ ಹತ್ತಿರ ಬಂದರು. ಪಕ್ಕದಲ್ಲೇ ಗುಮಾಸ್ತ ಬೆವರುತ್ತಿದ್ದ.

"ಏನಮ್ಮಾ, ಇವನು ನಿಮ್ಮ ತಂಗಿ ಮಗನಂತೆ?"

"ಹೌದು."

"ಒಳಪೆಡಲ್ ಕೊಂಡುಕೊಳ್ಳೋಕೆ ನನ್ನ ಸಹಿ ಹಾಕಿಸ್ದೋನು. ಬಾರ್ ಮುಟ್ಟಬೇಡಿ ಅಂದ ಮೇಲೂ ನಿಮ್ಮ ಮೇಲೆ ಒಂದು ಕಣ್ಣಿಡದೆ ಬಿಟ್ಟೋನು. ಸಂಬಂಧ ಪಕ್ಕಕ್ಕಿಟ್ಟು ನಿಜ ಹೇಳಿ. ಇವನನ್ನ ಕೆಲಸದಲ್ಲಿ ಖಾಯಂ ಮಾಡಬೇಕಾ, ಬೇಡವಾ?"

ದೊಡ್ಡಮ್ಮ ಅಕ್ಕರೆಯ ತಂಗಿ ಮಗನನ್ನು ಪಾದದಿಂದ ಸೊಂಟದವರೆಗೆ ಒಮ್ಮೆ ನೋಡಿದಳು.

"ಮಾಡಿ. ಸೈಕಲ್ ಹತ್ರ ಮಾತ್ರ ಬಿಡಬೇಡಿ."